ಮೌನದ ಹೊತ್ತಿನ ಮೈಕು

ನಮ್ಮಣ್ಣನಿಗೆ ಹೆತ್ತವರು ಇಟ್ಟ ಹೆಸರು ಮತದಾನದ ದಿನ ಬಿಟ್ಟರೆ ಬೇರೆ ಯಾವತ್ತೂ ಕೆಲಸಕ್ಕೆ ಬಂದದ್ದಿಲ್ಲ. ಊರಿಗೆಲ್ಲ ಅವನು ಮೈಕಣ್ಣ. ಮದುವೆ, ಸಭೆ, ಶಾಲೆಯ ಆಟೋಟ, ಕಳೆದುಹೋದ ನಾಯಿ, ನೀರು ಬಾರದ ದಿನ, ಏನೇ ಇರಲಿ ಅವನ ಸ್ಪೀಕರುಗಳೇ ಬೇಕು. ಹಳೆಯದೊಂದು ವ್ಯಾನಿನ ನೆತ್ತಿಗೆ ಎರಡು ಹಾರ್ನು ಕಟ್ಟಿಕೊಂಡು ಬೀದಿ ಬೀದಿ ಸುತ್ತಿ ಸಾರುವವನೂ ಅವನೇ. ತಮಾಷೆಯೆಂದರೆ ಮನೆಯೊಳಗೆ ಅವನ ದನಿ ಪಕ್ಕದಲ್ಲಿ ಕೂತವರಿಗೂ ಕೇಳಿಸುವುದಿಲ್ಲ. ಊಟಕ್ಕೆ ಕೂತಾಗ ಉಪ್ಪು ಬೇಕಾದರೆ ಬೆರಳು ತೋರಿಸುತ್ತಾನೆ. ಬಾಯಿ ಬಿಟ್ಟು ಕೇಳಪ್ಪ ಮಹಾರಾಯ ಎಂದು ನಾನು ರೇಗಿದರೆ ಉಪ್ಪಿಲ್ಲದೆಯೇ ಉಂಡು ಏಳುತ್ತಾನೆ.

ನಾನು ಅವನ ತಂಗಿ. ಗಂಡನ ಮನೆಯಿಂದ ಒಂದು ಚೀಲ ಹಿಡಿದುಕೊಂಡು ವಾಪಸ್ಸು ಬಂದು ಈ ಮನೆ ಸೇರಿ ಬಹಳ ವರ್ಷಗಳಾದವು. ಯಾಕೆ ಬಂದೆ ಎಂದು ಅಣ್ಣ ಅವತ್ತೂ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ಹಿಂದಿನ ಕೋಣೆಯಲ್ಲಿ ಪೇರಿಸಿಟ್ಟಿದ್ದ ಸ್ಪೀಕರುಗಳನ್ನು ಎತ್ತಿ ಆಚೆಗಿಟ್ಟು, ನೆಲ ಗುಡಿಸಿ, ನನಗೊಂದು ಮಂಚ ಹಾಕಿಕೊಟ್ಟ. ಅದನ್ನು ನಾನು ಒಳ್ಳೆಯತನ ಎಂದೇ ತಿಳಿದಿದ್ದೆ.

ಮನೆಯ ಕೆಳಗೇ ಅಂಗಡಿ. ಗೋಡೆಯ ತುಂಬ ಮೊಳೆ, ಮೊಳೆಗೊಂದು ವೈರಿನ ಸುರುಳಿ. ಬೆಸುಗೆಯ ಹೊಗೆಯ ವಾಸನೆ ನಮ್ಮ ಹಾಸಿಗೆಗೂ ಹತ್ತಿದೆ. ಅವನಿಗೆ ಸಿಟ್ಟು ಬರುವುದು ಎರಡೇ ವಿಷಯಕ್ಕೆ. ವೈರನ್ನು ಮೊಣಕೈಗೆ ಸುತ್ತಿ ಬಿಗಿದರೆ ಒಳಗಿನ ತಂತಿ ಸಾಯುತ್ತದೆ ಎಂದು ಒಂದು; ಮೈಕು ಕುಂಯ್ ಎಂದು ಕೂಗಿದರೆ ಇನ್ನೊಂದು. ಬೇರೆಯವರ ಮೈಕು ಎಲ್ಲೋ ದೂರದ ಮೈದಾನದಲ್ಲಿ ಕೂಗಿದರೂ ಇಲ್ಲಿ ಇವನು ಹಲ್ಲು ಕಚ್ಚಿಕೊಳ್ಳುತ್ತಾನೆ. ಪಕ್ಕದ ಪೇಟೆಯವನೊಬ್ಬ ಮದುವೆಯೊಂದಕ್ಕೆ ತಂತಿಯಿಲ್ಲದ ಮೈಕು ಹಾಕಿದ್ದಾಗ, ಅದು ಎಲ್ಲಿಂದಲೋ ಟ್ಯಾಕ್ಸಿ ಡ್ರೈವರನೊಬ್ಬ ಹೆಂಡತಿಯೊಂದಿಗೆ ಜಗಳವಾಡುವುದನ್ನು ಹಿಡಿದುಕೊಂಡು, ವಧೂವರರ ತಲೆಯ ಮೇಲೆಯೇ ಬಿತ್ತರಿಸಿಬಿಟ್ಟಿತಂತೆ. ಆ ಸುದ್ದಿ ಕೇಳಿ ಅಣ್ಣ ಒಂದು ವಾರ ತನ್ನಷ್ಟಕ್ಕೆ ನಕ್ಕಿದ್ದ.

ವರ್ಷದ ಕೆಲಸಗಳಲ್ಲೆಲ್ಲ ಅವನು ಎದೆಗೆ ಹಚ್ಚಿಕೊಂಡದ್ದು ಒಂದನ್ನೇ, ಮಡಿದ ಸೈನಿಕರ ಸ್ಮರಣೆಯ ದಿನ. ಅವತ್ತು ಇಡೀ ದೇಶ ಒಂದೇ ಹೊತ್ತಿಗೆ ನಿಲ್ಲುತ್ತದೆ. ನಮ್ಮಲ್ಲಿ ಅಗ್ನಿಶಾಮಕ ಠಾಣೆಯ ಸೈರನ್ನು ಕೂಗುತ್ತದೆ. ಬಸ್ಸುಗಳು ರಸ್ತೆಯ ನಡುವೆಯೇ ನಿಲ್ಲುತ್ತವೆ, ತಕ್ಕಡಿ ಹಿಡಿದವರು ತಕ್ಕಡಿ ಹಿಡಿದೇ ನಿಲ್ಲುತ್ತಾರೆ. ಉದ್ಯಾನದ ಸ್ಮಾರಕದ ಮುಂದೆ ಮಡಿದವರ ಮನೆಯವರು ಸಾಲಾಗಿ ನಿಂತು ಹೂವಿಡುತ್ತಾರೆ. ಮನೆಯವರಲ್ಲೇ ಒಬ್ಬರು ಮೈಕಿನಲ್ಲಿ ಪ್ರಾರ್ಥನೆ ಓದುತ್ತಾರೆ. ಆಮೇಲೆ ಎರಡು ನಿಮಿಷದ ಮೌನ.

ಮೌನದ ಹೊತ್ತಿನಲ್ಲಿ ಮೈಕು ಬಂದ್ ಮಾಡಬೇಕಲ್ಲವೇ ಎಂದು ನೀವು ಕೇಳಬಹುದು. ಮಾಡಬಾರದು ಎನ್ನುವುದು ನಮ್ಮಣ್ಣನ ಶಾಸ್ತ್ರ. ಪೂರ್ತಿ ಮುಚ್ಚಿ ಮತ್ತೆ ತೆರೆದರೆ ದನಿ ಹೆಚ್ಚಿಸುವ ಅವನ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆ ಟಪ್ ಎನ್ನುತ್ತದೆ. ಒಂದು ವರ್ಷ ಹಾಗೆ ಆಗಿ, ಮಗನನ್ನು ಕಳೆದುಕೊಂಡ ಮುದುಕರೊಬ್ಬರು ಗುಂಡಿನ ಸದ್ದು ಕೇಳಿದವರಂತೆ ಬೆಚ್ಚಿ ನೆಲಕ್ಕೆ ಕೂತುಬಿಟ್ಟಿದ್ದರು. ಅಂದಿನಿಂದ ಅಣ್ಣ ದನಿ ಏರಿಸಿಳಿಸುವ ಗುಂಡಿಯನ್ನು ನೂಲೆಳೆಯಷ್ಟು ತೆರೆದೇ ಇಡುತ್ತಾನೆ. ಆಗ ಸ್ಪೀಕರಿನಲ್ಲಿ ಬರೀ ಗಾಳಿಯ ಸದ್ದು ಬರುತ್ತದೆ. ಅದಿದ್ದರೇ ಮೌನಕ್ಕೊಂದು ಮೈ ಬರುವುದು ಎಂದು ಒಮ್ಮೆ ಹೇಳಿದ್ದ. ಅವನು ನನ್ನ ಮುಂದೆ ಆಡಿದ ಉದ್ದದ ಮಾತುಗಳಲ್ಲಿ ಅದೂ ಒಂದು.

ಇನ್ನೊಂದು ಪದ್ಧತಿಯೂ ಇತ್ತು. ಕೆಲಸದ ಹೊತ್ತಿನಲ್ಲಿ ಅವನ ತಲೆಯ ಮೇಲೆ ಸದಾ ಹೆಡ್‌ಫೋನು. ಸ್ಪೀಕರನ್ನು ಮುಚ್ಚಿದ್ದರೂ ಮೈಕಿಗೆ ಬಿದ್ದ ಮಾತು ಅವನ ಕಿವಿಗೆ ಬಂದೇ ಬರುತ್ತದೆ. ಹೀಗಾಗಿ ದೊಡ್ಡ ಮನುಷ್ಯರು ವೇದಿಕೆಯ ಮೇಲೆ ಗುಟ್ಟಾಗಿ ಆಡಿಕೊಳ್ಳುವುದೆಲ್ಲ ಅವನಿಗೆ ಗೊತ್ತು. ಎಷ್ಟು ಪೀಡಿಸಿದರೂ ನನಗೆ ಒಂದೇ ಒಂದನ್ನು ಹೇಳಿದವನಲ್ಲ. ಮೌನದ ಎರಡು ನಿಮಿಷ ಮಾತ್ರ, ಬೇರೆಯವರು ಟೋಪಿ ತೆಗೆಯುವ ಹಾಗೆ, ಇವನು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದ.

ಆ ವರ್ಷ ಅವನು ಹೊಸ ಮೈಕು ತಂದಿದ್ದ. ತಂತಿಯಿಲ್ಲದ್ದು, ಪಿಸುಮಾತನ್ನೂ ಬಿಡದಂಥದ್ದು. ಮಗುವಿನ ಮುಖ ಒರೆಸುವಷ್ಟು ಮೆತ್ತಗೆ ಅದನ್ನು ಒರೆಸಿ, ಸ್ಮರಣೆಯ ದಿನವೇ ಮೊದಲು ಹಾಕಬೇಕು ಎಂದು ಕಾದಿಟ್ಟಿದ್ದ. ಪ್ರಾರ್ಥನೆ ಓದುವ ಸರದಿ ಆ ಸಲ ಟೈಲರಮ್ಮನದು.

ಟೈಲರಮ್ಮ ನಮ್ಮ ಹಿಂದಿನ ಬೀದಿಯವರು. ಶಾಲೆಯ ಮಕ್ಕಳ ಸಮವಸ್ತ್ರವೆಲ್ಲ ಅವರ ಮಷೀನಿನಲ್ಲೇ ಹೊಲಿದದ್ದು. ಅವರ ಗಂಡ ಗಡಿಯಲ್ಲಿ ಮಡಿದವರು. ಬಸ್‌ಸ್ಟಾಪಿಗೆ ಅವರ ಹೆಸರೇ ಇಟ್ಟಿದ್ದಾರೆ. ಮಕ್ಕಳಿಲ್ಲ. ಆ ಸೈನಿಕರ ತಾಯಿ, ಅಂದರೆ ಟೈಲರಮ್ಮನ ಅತ್ತೆ, ಸೊಸೆಯ ಜೊತೆಗೇ ಇದ್ದಾರೆ. ಅತ್ತೆಯನ್ನು ಹಾಗೆ ನೋಡಿಕೊಳ್ಳುವ ಸೊಸೆ ಹುಡುಕಿದರೂ ಸಿಗಲ್ಲ ಎಂದು ನಮ್ಮೂರಿನ ಹೆಂಗಸರು ತಮ್ಮ ತಮ್ಮ ಸೊಸೆಯಂದಿರಿಗೆ ಕೇಳಿಸುವ ಹಾಗೆ ಹೇಳುತ್ತಿದ್ದರು.

ಟೈಲರಮ್ಮ ಪ್ರಾರ್ಥನೆ ಚೆನ್ನಾಗಿಯೇ ಓದಿದರು. ಓದಿ ಮುಗಿದ ಮೇಲೆ ಅಲ್ಲೇ, ಮೈಕಿನ ಎದುರಿಗೇ, ತಲೆ ತಗ್ಗಿಸಿ ನಿಂತರು. ಸೈರನ್ನು ಕೂಗಿ ನಿಂತಿತು. ನಾನು ಅಣ್ಣನ ಮೇಜಿನ ಪಕ್ಕದಲ್ಲಿದ್ದೆ. ಅವನು ಗುಂಡಿ ಇಳಿಸಿ, ಹೆಡ್‌ಫೋನು ತೆಗೆದಿಟ್ಟು, ಕಣ್ಣು ಮುಚ್ಚಿದ್ದ. ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆಗ ಉದ್ಯಾನದ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಟೈಲರಮ್ಮನ ಪಿಸುದನಿ ಬಂತು.

"ಅವರನ್ನ ಅಲ್ಲೇ ಚೆನ್ನಾಗಿ ನೋಡ್ಕೋ ದೇವರೇ."

ಮುಂದಿನ ಸಾಲಿನವರು ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದೆ. ಮರುಕ್ಷಣವೇ ಇನ್ನೊಂದು ಮಾತು ಬಂತು.

"ವಾಪಸ್ ಮಾತ್ರ ಕಳಿಸ್ಬೇಡ. ಇನ್ನು ಹೊಡೆಸ್ಕೊಳೋಕೆ ನನ್ ಕೈಲಾಗಲ್ಲ."

ಅಣ್ಣ ಬೆಚ್ಚಿ ಗುಂಡಿಗೆ ಕೈ ಹಾಕುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮೌನದ ಹೊತ್ತಲ್ಲವೇ, ಯಾರೂ ಏನೂ ಆಡುವಂತಿರಲಿಲ್ಲ. ಅಷ್ಟೂ ಜನ ಬಾಯಿ ಮುಚ್ಚಿಕೊಂಡು ಉಳಿದ ಹೊತ್ತು ಟೈಲರಮ್ಮನನ್ನೇ ನೋಡುತ್ತ ನಿಂತರು. ಅವರಿಗೆ ತಮ್ಮ ದನಿ ತಮಗೇ ವಾಪಸ್ಸು ಬಂದದ್ದು ಕೇಳಿಸಿತ್ತು. ತಲೆ ಎತ್ತಲಿಲ್ಲ. ಮುಂದಿನ ಕುರ್ಚಿಯಲ್ಲಿ ಅವರ ಅತ್ತೆ ಮಡಿಲಲ್ಲಿ ಹೂವಿಟ್ಟುಕೊಂಡು ಕೂತಿದ್ದರು.

ಆಮೇಲಿನದನ್ನು ಹೇಳುವುದೇ ಬೇಡ, ಜನ ಎಲ್ಲ ಕಡೆಯೂ ಜನರೇ. ದೇಶಕ್ಕಾಗಿ ಪ್ರಾಣ ಕೊಟ್ಟವನನ್ನು ಹೀಗೆ ಅನ್ನುವುದೇ ಎಂದರು. ಗಂಡ ಬದುಕಿದ್ದಾಗ ಟೈಲರಮ್ಮನ ಮೈ ಮೇಲಿನ ಗಾಯವನ್ನು ನೋಡಿಯೂ ನೋಡದವರೇ ಹಾಗೆ ಅಂದವರು. ಶಾಲೆಯವರು ಸಮವಸ್ತ್ರವನ್ನು ಬೇರೆ ಕಡೆ ಕೊಟ್ಟರು. ಟೈಲರಮ್ಮ ದಿನಸಿ ಅಂಗಡಿಗೆ ಹೋದರೆ ಸಾಲು ತಾನಾಗಿಯೇ ಕರಗುತ್ತಿತ್ತು. ಅತ್ತ ನಮ್ಮಣ್ಣನಿಗೆ ಮಾತ್ರ ಹೊಗಳಿಕೆ. "ಭಾರೀ ಮೈಕು ಕಣಯ್ಯ ನಿಂದು, ಮನಸ್ಸಲ್ಲಿ ಅಂದ್ಕೊಂಡಿದ್ದೂ ಕೇಳಿಸ್ತದೆ!" ಎಂದು ಒಬ್ಬ ಬೆನ್ನು ತಟ್ಟಿ ಹೋದ. ಅಣ್ಣ ಅವತ್ತು ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ.

ಅವನು ಸ್ಮರಣೆ ಸಮಿತಿಯ ಅಧ್ಯಕ್ಷರ ಮನೆಗೆ ಹೋದ. ಅವರು ನಿವೃತ್ತ ಹೆಡ್‌ಮಾಸ್ಟರು.

"ತಪ್ಪು ನಂದು ಸರ್. ಮೈಕು ಪೂರ್ತಿ ಮುಚ್ಚಬೇಕಿತ್ತು," ಅಂದ.

"ಮುಚ್ಚದೇ ಇದ್ದಿದ್ದು ನೀನು. ಮಾತಾಡಿದ್ದು ನೀನಲ್ವಲ್ಲ," ಎಂದರು ಅವರು. "ನೀನ್ಯಾಕೆ ತಲೆ ಕೆಡಿಸ್ಕೋತೀಯ? ಹೋಗು."

ನಿಜಕ್ಕೂ ಅವನು ತಲೆ ಕೆಡಿಸಿಕೊಂಡದ್ದು ನೋಡಬೇಕಿತ್ತು. ಸ್ಪೀಕರುಗಳಿಗೆ ಬಟ್ಟೆಯ ಕವರು ಹೊಲಿಯಲು ಟೈಲರಮ್ಮನಿಗೆ ಕೊಟ್ಟ. ಅವು ಬಂದ ಮೇಲೆ ಪೆಟ್ಟಿಗೆಗಳಿಗೆ, ಆಮೇಲೆ ಹಾರ್ನುಗಳಿಗೆ, ಆಮೇಲೆ ವ್ಯಾನಿನ ಸೀಟಿಗೆ. ಕೊನೆಗೆ ನಮ್ಮ ಮನೆಯ ಫ್ಯಾನಿಗೂ ರೇಡಿಯೋಗೂ ಅಂಗಿ ಬಂತು. ನನ್ನ ಅಳತೆ ಬಿಟ್ಟು ಮನೆಯಲ್ಲಿದ್ದ ಎಲ್ಲದರ ಅಳತೆಯೂ ಟೈಲರಮ್ಮನ ಹತ್ತಿರ ಹೋಯಿತು. ಬಟ್ಟೆ ಕೊಡುವಾಗ ಅವನು ಬಾಗಿಲಾಚೆಯೇ ನಿಲ್ಲುತ್ತಿದ್ದ. ಒಳಗೆ ಬನ್ನಿ ಅಂದರೆ ವ್ಯಾನು ಅಡ್ಡ ನಿಲ್ಲಿಸಿದ್ದೇನೆ ಎನ್ನುತ್ತಿದ್ದ. ವ್ಯಾನು ನಮ್ಮ ಅಂಗಡಿಯ ಮುಂದೆ ನೆಟ್ಟಗೇ ನಿಂತಿರುತ್ತಿತ್ತು.

"ಇದೆಲ್ಲ ಯಾಕಣ್ಣ?" ಅಂದೆ. "ಒಂದು ಸಲ ಒಳಗೆ ಹೋಗು. ತಪ್ಪಾಯ್ತು ಅನ್ನು. ಹೇಗಿದ್ದೀರಿ ಅಂತ ಕೇಳು."

"ಯಾವ ಮುಖ ಇಟ್ಕೊಂಡು ಕೇಳ್ಲಿ?" ಅಂದ.

ಮುಂದಿನ ವರ್ಷದ ಸ್ಮರಣೆಯ ದಿನ ಹತ್ತಿರ ಬಂತು. ಮನೆಯವರ ಸಾಲಿನಲ್ಲಿ ಅತ್ತೆಯೊಬ್ಬರೇ ನಿಂತರೆ ಸಾಕು, ಸೊಸೆ ಬರುವುದು ಬೇಡ ಎಂದು ಸಮಿತಿ ತೀರ್ಮಾನಿಸಿತು. ಈ ಸುದ್ದಿ ಕೇಳಿದ ಮರುದಿನ ಬೆಳಗ್ಗೆ ಅಣ್ಣ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ವ್ಯಾನು ಹೊರಡಿಸಿದ. ಸ್ವಲ್ಪ ಹೊತ್ತಿಗೆ ಹಾರ್ನಿನಲ್ಲಿ ಅವನ ದನಿ ಬೀದಿಯ ತುದಿಯಿಂದ ಬಂತು.

"ಸಾರ್ವಜನಿಕರಲ್ಲಿ ವಿನಂತಿ. ಕಳೆದ ಸ್ಮರಣೆಯ ದಿನ ಮೌನಾಚರಣೆಯ ಹೊತ್ತಿನಲ್ಲಿ ಕೇಳಿಬಂದ ಮಾತುಗಳು ಅಲ್ಲಿ ನಿಂತಿದ್ದ ಯಾರ ಮಾತುಗಳೂ ಅಲ್ಲ. ತಂತಿಯಿಲ್ಲದ ಮೈಕಿನ ದೋಷದಿಂದ ಎಲ್ಲಿಯದೋ ರೇಡಿಯೋ ನಾಟಕದ ಮಾತುಗಳು ಅದರಲ್ಲಿ ಸೇರಿಕೊಂಡವು. ಈ ತಪ್ಪಿಗೆ ಮೈಕಿನ ಮಾಲೀಕನಾದ ನಾನೊಬ್ಬನೇ ಹೊಣೆ. ದಯವಿಟ್ಟು ಕ್ಷಮಿಸಬೇಕು."

ನಾನು ಒಗೆಯುತ್ತಿದ್ದ ಬಟ್ಟೆ ಬಿಟ್ಟು ಹೊರಗೆ ಓಡಿ ಬಂದೆ. ಕುಂಯ್ ಎಂದರೆ ಹಲ್ಲು ಕಚ್ಚುವ ಮನುಷ್ಯ, ತನ್ನ ಮೈಕು ಕೆಟ್ಟದ್ದು ಎಂದು ತಾನೇ ಊರೆಲ್ಲ ಸಾರುತ್ತಿದ್ದ. ಅವನ ಮಟ್ಟಿಗೆ ಅದು ಸಣ್ಣ ಮಾತಲ್ಲ. ನನಗೆ ಅವನ ಮೇಲೆ ಹೆಮ್ಮೆಯೂ ಬಂತು, ಸಿಟ್ಟೂ ಬಂತು. ಮನೆಗೆ ಬಂದವನನ್ನು ಬಾಗಿಲಲ್ಲೇ ತಡೆದೆ.

"ಟೈಲರಮ್ಮನ್ನ ಒಂದು ಮಾತು ಕೇಳಿದ್ಯಾ?"

"ಒಳ್ಳೇದಕ್ಕೆ ತಾನೇ ಮಾಡಿದ್ದು," ಅಂದ.

ಊರಿಗೆ ನಂಬುವ ಅಗತ್ಯವಿತ್ತು, ನಂಬಿತು. ಪ್ರಾರ್ಥನೆ ಓದಿದ ದನಿಯೇ ಆ ದನಿ ಎಂದು ಕಿವಿಯಿದ್ದವರಿಗೆಲ್ಲ ಗೊತ್ತಿತ್ತು. ಆದರೂ ನಾಟಕ ಎಂದುಕೊಂಡರೆ ಸೈನಿಕ ಸೈನಿಕನಾಗಿಯೇ ಉಳಿಯುತ್ತಾನೆ, ಬಸ್‌ಸ್ಟಾಪಿನ ಹೆಸರೂ ಉಳಿಯುತ್ತದೆ, ನೋಡಿಯೂ ನೋಡದ ನಮ್ಮ ಕಣ್ಣುಗಳೂ ಚೊಕ್ಕಟವಾಗಿರುತ್ತವೆ. ಸಂಜೆಯ ಹೊತ್ತಿಗೆ, ಆ ನಾಟಕ ತಾವೂ ಕೇಳಿದ್ದೆವು ಎನ್ನುವವರೂ ಹುಟ್ಟಿಕೊಂಡರು. ಅಧ್ಯಕ್ಷರು ತಾವೇ ಟೈಲರಮ್ಮನ ಮನೆಗೆ ಹೋಗಿ, ಈ ಸಲವೂ ಪ್ರಾರ್ಥನೆ ನೀವೇ ಓದಬೇಕು ಎಂದು ಕೈಮುಗಿದು ಬಂದರು.

ಮರುದಿನ ಟೈಲರಮ್ಮ ನಮ್ಮ ಅಂಗಡಿಗೆ ಬಂದರು. ಕೈಯಲ್ಲಿ ಹೊಲಿದು ಮುಗಿಸಿದ ಕೊನೆಯ ಕವರು. ಅಣ್ಣ ಎದ್ದು ನಿಂತ. ಮುಖದಲ್ಲಿ ಬಹಳ ದಿನದ ಮೇಲೆ ಒಂದು ಗೆಲುವಿತ್ತು. ಧನ್ಯವಾದ ಹೇಳಲು ಬಂದಿದ್ದಾರೆ ಎಂದುಕೊಂಡಿದ್ದನೋ ಏನೋ ಪಾಪ.

"ನನಗೋಸ್ಕರ ಹೇಳಿದ್ರಿ ಅಂತ ಗೊತ್ತು ಅಣ್ಣ," ಎಂದರು ಅವರು. "ಬೈಯೋಕೆ ಬಂದಿಲ್ಲ. ಆದ್ರೆ ನಿಮಗೆ ಗೊತ್ತಿರ್ಲಿ ಅಂತ ಬಂದೆ."

ನಾನು ಸ್ಟೂಲು ಸರಿಸಿದೆ. ಕೂರಲಿಲ್ಲ.

"ಹೋದ್ವರ್ಷ ಅದೆಲ್ಲ ಆದ್ಮೇಲೆ ನಮ್ಮತ್ತೆ ಸುಮಾರು ದಿನ ನನ್ನತ್ರ ಮಾತಾಡ್ಲಿಲ್ಲ. ಆಮೇಲೆ ಒಂದಿನ ಬೆಳಗ್ಗೆ ಚಹಾ ಲೋಟ ಕೈಲಿ ಹಿಡ್ಕೊಂಡೇ 'ಬಹಳ ಹೊಡೀತಿದ್ನೇನೇ?' ಅಂದ್ರು. ಪಕ್ಕದ ಕೋಣೇಲೇ ಮಲಗ್ತಿದ್ದವರು ಅವರು. ಎಲ್ಲಾ ಕೇಳಿಸ್ತಿತ್ತು. ಆದ್ರೂ ಬಾಯಿ ಬಿಟ್ಟು ಕೇಳಿದ್ದು ಅವತ್ತೇ. ನಾನು ಹೇಳಿದೆ. ದಿನಾ ಸ್ವಲ್ಪ ಸ್ವಲ್ಪ ಹೇಳ್ದೆ. ಅವರು ಕೇಳ್ಕೊಂಡು ಅಳೋರು. ಕೈ ಹಿಡ್ಕೊಳ್ಳೋರು. ಮಗನ ಫೋಟೋನ ಗೋಡೆಯಿಂದ ತಾವೇ ಇಳಿಸಿ ಪೆಟ್ಟಿಗೇಲಿಟ್ರು. ಊರವರು ಬಟ್ಟೆ ಕೊಡ್ದಿದ್ರೆ ಏನು, ನನಗೆ ಅಷ್ಟು ಹಗುರ ಯಾವತ್ತೂ ಆಗಿರ್ಲಿಲ್ಲ."

ಅಣ್ಣನ ಮುಖ ಸಣ್ಣಗಾಗುತ್ತ ಹೋಯಿತು.

"ನಿನ್ನೆ ನಿಮ್ಮ ವ್ಯಾನು ನಮ್ಮ ಬೀದಿಗೆ ಬಂತಲ್ಲ, ಅತ್ತೆ ಕಿಟಕಿ ಹತ್ರ ನಿಂತು ಪೂರ್ತಿ ಕೇಳಿದ್ರು. 'ನೋಡಿದ್ಯಾ, ರೇಡಿಯೋ ನಾಟಕವಂತೆ. ನನ್ನ ಮಗ ಅಂಥವನಲ್ಲ,' ಅಂದ್ರು. 'ಅತ್ತೆ, ನಾನೇ ಅಲ್ವಾ ಇಷ್ಟು ದಿನ ನಿಮಗೆ ಹೇಳಿದ್ದು,' ಅಂದೆ. 'ಮೈಕಣ್ಣನೇ ಹೇಳಿದ್ಮೇಲೆ ಮುಗೀತು, ಇನ್ನು ಆ ಮಾತು ಎತ್ತಬೇಡ,' ಅಂದ್ರು. ಫೋಟೋ ವಾಪಸ್ ಗೋಡೆ ಮೇಲಿದೆ."

"ನನಗೆ... ನನಗೆ ಗೊತ್ತಿರ್ಲಿಲ್ಲ," ಅಂದ ಅಣ್ಣ.

"ಕೇಳಿದ್ರೆ ಹೇಳ್ತಿದ್ದೆ," ಎಂದರು ಟೈಲರಮ್ಮ. ಕವರನ್ನು ಮೇಜಿನ ಮೇಲಿಟ್ಟು, ಮಡಿಕೆ ಸರಿ ಮಾಡಿ, ಹೊರಟುಹೋದರು.

ನಾನು ಸುಮ್ಮನಿರುವವಳಲ್ಲ. "ವ್ಯಾನು ತೆಗಿ," ಅಂದೆ. "ಸುಳ್ಳು ಹೇಳಿದ್ದೆ ಅಂತ ಮತ್ತೆ ಸಾರು."

"ಸಾರಿದ್ರೆ ಜನ ಮತ್ತೆ ಅವರ ಮೇಲೇ ಬೀಳ್ತಾರೆ."

"ಅವರಿಗೆ ಬೇಕಾಗಿರೋದೇನು ಅಂತ ಈಗ ತಾನೇ ಹೇಳಿ ಹೋದ್ರಲ್ಲ!"

ಅವನು ವೈರಿನ ಸುರುಳಿಯೊಂದನ್ನು ಮೊಳೆಯಿಂದ ತೆಗೆದು, ಬಿಚ್ಚಿ, ಮತ್ತೆ ಸುತ್ತತೊಡಗಿದ. ನೋಡುತ್ತೇನೆ, ಮೊಣಕೈಗೆ ಸುತ್ತುತ್ತಿದ್ದಾನೆ. ಎಷ್ಟು ಬಿಗಿಯಾಗಿ ಎಂದರೆ ಕೈ ಕೆಂಪಾಗಿತ್ತು. ನಾನು ಬೈಯುವುದನ್ನು ಬಿಟ್ಟು ಅಡುಗೆಮನೆಗೆ ಹೋದೆ.

ಸ್ಮರಣೆಯ ದಿನ ಬಂತು. ಹೊರಡುವ ಮೊದಲೇ ಅವನು ನನಗೆ ಹೇಳಿದ, ಈ ಸಲ ಮೌನದಲ್ಲಿ ಮೈಕು ಪೂರ್ತಿ ಮುಚ್ಚುತ್ತೇನೆ ಎಂದು. ತೆರೆಯುವಾಗ ಟಪ್ ಅನ್ನುವುದಿಲ್ಲವೇ ಅಂದೆ. ಹೆಡ್‌ಫೋನು ಹಾಕಿಕೊಂಡೇ ಇರುತ್ತೇನೆ, ಕೇಳಿಕೊಂಡು ಮೆತ್ತಗೆ ತೆರೆಯುತ್ತೇನೆ ಅಂದ. ಅವನ ಅಂಗಿಯ ಗುಂಡಿ ಹೆಚ್ಚು ಕಡಿಮೆಯಾಗಿತ್ತು, ನಾನೇ ಬಿಚ್ಚಿ ಸರಿ ಹಾಕಿದೆ.

ಉದ್ಯಾನ ತುಂಬಿತ್ತು. ಮುಂದಿನ ಕುರ್ಚಿಯಲ್ಲಿ ಟೈಲರಮ್ಮನ ಅತ್ತೆ ಮಗನ ಫೋಟೋವನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಟೈಲರಮ್ಮ ಬಂದಾಗ ಜನ ದಾರಿ ಬಿಟ್ಟು ತಲೆ ಬಾಗಿಸಿದರು. ಹೋದ ವರ್ಷದಿಂದ ಮುಖ ತಿರುಗಿಸಿಕೊಂಡು ಓಡಾಡಿದವರೇ ಕೈ ಹಿಡಿದು ಮಾತಾಡಿಸಿದರು. ಅವರು ಪ್ರಾರ್ಥನೆ ಓದಿದರು. ಮಡಿದವರ ತ್ಯಾಗ, ಅವರ ಮನೆಯವರ ಸಹನೆ, ಈ ನೆಲದ ಋಣ, ಎಲ್ಲ ಇದ್ದ ಪ್ರಾರ್ಥನೆ ಅದು. ಒಂದು ಕಡೆಯೂ ತಡವರಿಸಲಿಲ್ಲ.

ಸೈರನ್ನು ಕೂಗಿತು. ಅಣ್ಣ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಸ್ಪೀಕರುಗಳು ಪೂರ್ತಿ ಸತ್ತವು; ಗಾಳಿಯ ಸದ್ದೂ ಹೋಯಿತು. ಎಲ್ಲರೂ ತಲೆ ತಗ್ಗಿಸಿದರು. ಟೈಲರಮ್ಮ ತಗ್ಗಿಸಲಿಲ್ಲ. ಅವರು ನಮ್ಮ ಮೇಜಿನ ಕಡೆಯೇ, ನಮ್ಮಣ್ಣನನ್ನೇ ನೋಡುತ್ತಿದ್ದರು. ಅವರ ತುಟಿ ಅಲುಗಿದ್ದು ನನಗೆ ಕಾಣಿಸಿತು. ಮಾತು ಕೇಳಿಸಲಿಲ್ಲ. ನಾನು ಅಣ್ಣನ ಕಡೆ ತಿರುಗಿದೆ. ಹೆಡ್‌ಫೋನಿನ ಕೆಳಗೆ ಅವನ ಕೆನ್ನೆ ಬಿಳಿಚಿಕೊಂಡಿತ್ತು. ಬೆರಳು ಗುಂಡಿಯ ಮೇಲಿತ್ತು. ತಿರುಗಿಸುತ್ತಾನೆ ಎಂದುಕೊಂಡೆ. ತಿರುಗಿಸು ಎಂದು ಮನಸ್ಸಿನಲ್ಲೇ ಅಂದೆ. ಬೆರಳು ಅಲ್ಲೇ ಇತ್ತು. ಟೈಲರಮ್ಮನ ತುಟಿ ಇನ್ನೊಮ್ಮೆ ಅಲುಗಿತು, ಆಮೇಲೆ ಅವರೂ ತಲೆ ತಗ್ಗಿಸಿದರು.

ಮೌನ ಮುಗಿದಾಗ ಅಣ್ಣ ಗುಂಡಿಯನ್ನು ಒಮ್ಮೆಲೇ ತಿರುಗಿಸಿಬಿಟ್ಟ. ಮೆತ್ತಗೆ ತೆರೆಯಲು ಆಗಲಿಲ್ಲ. ನಾಲ್ಕೂ ಮೂಲೆಯಿಂದ ಟಪ್ ಎಂದಿತು. ಮುಂದಿನ ಕುರ್ಚಿಯಲ್ಲಿದ್ದ ಆ ತಾಯಿ ಬೆಚ್ಚಿಬಿದ್ದು ಫೋಟೋವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡರು. ಟೈಲರಮ್ಮ ಹೋಗಿ ಅವರ ಬೆನ್ನು ಸವರಿ, ಏನಿಲ್ಲ ಅತ್ತೆ, ಏನಿಲ್ಲ, ಎಂದು ಸಮಾಧಾನ ಮಾಡಿದರು.

ಸಾಮಾನೆಲ್ಲ ವ್ಯಾನಿಗೆ ಹಾಕಿ ಮನೆಗೆ ಬಂದೆವು. ಪ್ರತಿಯೊಂದಕ್ಕೂ ಅದರದರ ಕವರು ಹಾಕುವುದೇ ಅರ್ಧ ಕೆಲಸ. ಕೊನೆಗೆ ಮೈಕಿನ ಕವರು ಕೈಯಲ್ಲಿ ಹಿಡಿದುಕೊಂಡು ಅಣ್ಣ ಮೆಟ್ಟಿಲ ಮೇಲೆ ಕೂತ. ಈ ಸಲ ನಾನು ಪೀಡಿಸಲಿಲ್ಲ. ಅವನೇ ಹೇಳಿದ.

"'ಮೈಕು ಹಾಕಿ ಅಣ್ಣ' ಅಂದ್ರು."

ನಾನು ಕೈಯಲ್ಲಿದ್ದ ವೈರಿನ ಸುರುಳಿ ಕೆಳಗಿಟ್ಟೆ.

"ಎರಡು ಸಲ ಅಂದ್ರು ಕಣೇ."

ಉದ್ಯಾನದಲ್ಲಿ ಅವನ ಪಕ್ಕದಲ್ಲೇ ನಿಂತಿದ್ದವಳು ನಾನು. ಅವನ ಬೆರಳನ್ನು ಕಣ್ಣಾರೆ ನೋಡಿದ್ದೆ. ಆದರೂ ಅವನ ಬಾಯಿಂದಲೇ ಬರಲಿ ಎಂದು ಕೇಳಿದೆ.

"ಹಾಕಿದ್ಯಾ?"

"ಇಲ್ಲ," ಅಂದ. ಮನೆಯೊಳಗೆ ಅವನ ದನಿ ಅಷ್ಟು ಜೋರಾಗಿ ನಾನು ಯಾವತ್ತೂ ಕೇಳಿರಲಿಲ್ಲ.